ಬೆಟ್ಟ ಹತ್ತುವ ಹುಡುಗರೇ, ದಾರಿ ಯಾರನ್ನು ಕೇಳಿದಿರಿ?

ಶುಕ್ರವಾರ ರಾತ್ರಿ ಹತ್ತು ಗಂಟೆಗೆ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಸುಮ್ಮನೆ ನಿಂತು ನೋಡಿ. ಬೆನ್ನಿಗೆ ಚೀಲ, ಕಾಲಿಗೆ ಹೊಸ ಬೂಟು, ಕೈಯಲ್ಲಿ ಫೋನು. ನಮ್ಮದೇ ಹುಡುಗ ಹುಡುಗಿಯರು. ಎಷ್ಟೋ ಜನ ಮನೆಯಲ್ಲಿ ಅಚ್ಚ ಕನ್ನಡ ಆಡುವವರು. ಎಲ್ಲಿಗಪ್ಪ ಎಂದರೆ ಕೊಡಚಾದ್ರಿ ಎನ್ನುತ್ತಾರೆ, ಜೋಗ ಎನ್ನುತ್ತಾರೆ, ಶರಾವತಿ ಹಿನ್ನೀರು ಎನ್ನುತ್ತಾರೆ. ಬಸ್ಸಿನಲ್ಲಿ ಮುಂದಾಳು ಎದ್ದು ನಿಂತು ಇಂಗ್ಲಿಷಿನಲ್ಲಿ ಸೂಚನೆ ಕೊಡುತ್ತಾನೆ, ಹಿಂದಿಯಲ್ಲಿ ನಗಿಸುತ್ತಾನೆ. ಬೆಳಿಗ್ಗೆ ಊರಿನಲ್ಲಿ ಒಬ್ಬ ಹತ್ತಿಕೊಳ್ಳುತ್ತಾನೆ. ಕಾಡು ಗೊತ್ತಿರುವುದು ಅವನೊಬ್ಬನಿಗೆ. ಅವನ ಜೊತೆ ಮಾತ್ರ ಯಾರೂ ಮಾತಾಡುವುದಿಲ್ಲ.

ಇದನ್ನು ಬೈಯುವ ಮೊದಲು ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಚಾರಣದ ಒಂದು ಸಣ್ಣ ಗುಂಪನ್ನು ಕೆಲವು ವರ್ಷ ನಾನೂ ನಡೆಸಿದವನೇ. ಸಂಬಳವಿಲ್ಲ, ಲಾಭವಿಲ್ಲ, ರಜೆಯ ದಿನದ ದುಡಿಮೆ. ಒಂದು ಏಪ್ರಿಲ್‌ನಲ್ಲಿ ಹದಿನಾರು ಜನರನ್ನು ಕಟ್ಟಿಕೊಂಡು ಸಾಗರದ ಆಚೆ ಲಿಂಗನಮಕ್ಕಿ ಹಿನ್ನೀರಿನ ಅಂಚಿನಲ್ಲಿ ನಡೆಯುತ್ತಿದ್ದೆ. ನೀರು ಇಳಿದು ಬಯಲಾಗಿತ್ತು. ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಗಟ್ಟಿ ನೆಲವೆಂದು ಅಡ್ಡ ಹಾಯ್ದೆ. ಹತ್ತು ಹೆಜ್ಜೆಗೆ ಮೊಣಕಾಲು ಹೂತಿತು. ಹಿಂದಿದ್ದ ಹುಡುಗ ಸೊಂಟದವರೆಗೆ ಕುಸಿದ. ದನ ಹುಡುಕಿಕೊಂಡು ಬಂದಿದ್ದ ಅಜ್ಜರೊಬ್ಬರು ಓಡಿ ಬಂದು ಬಿದಿರ ಗಳ ಚಾಚಿ ಎಳೆದು ಹಾಕಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಬರಕ್ ಮುಂಚೆ ಒಂದ್ ಮಾತ್ ಕೇಳ್ಬಾರ್ದಾ ಮಾರಾಯಾ? ಇದು ದಾರಿ ಅಲ್ಲ, ಗದ್ದೆ. ನಮ್ ಅಪ್ಪಯ್ಯ ಉಳ್ತಿದ್ದ ಗದ್ದೆ."

ನಾಚಿಕೆಯಾಯಿತು. ನನ್ನ ಹತ್ತಿರ ನಕ್ಷೆ ಇತ್ತು, ಹಗ್ಗ ಇತ್ತು, ಔಷಧಿ ಡಬ್ಬಿ ಇತ್ತು. ಕನ್ನಡವೂ ಬರುತ್ತಿತ್ತು. ಬಾಯಿ ಮಾತ್ರ ತೆರೆದಿರಲಿಲ್ಲ.

ಆ ಗದ್ದೆಯ ಕತೆ ನಮಗೆಷ್ಟು ಗೊತ್ತು? ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊಸನಗರ, ಸಾಗರಗಳ ಮೂಲಕ ಜೋಗದಲ್ಲಿ ಧುಮುಕುವ ಶರಾವತಿಗೆ ಮೊದಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಬಂತು. ಅದು ಸಾಲದೆಂದು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಉದ್ದ 2.7 ಕಿ.ಮೀ., ಪೂರ್ಣ ಮಟ್ಟ 1819 ಅಡಿ, ಹಿಡಿಯುವ ನೀರು 151 ಟಿಎಂಸಿ. ಹಿಂದಿನ ಅಣೆಕಟ್ಟೇ ಹೊಸ ನೀರಿನಲ್ಲಿ ಮುಳುಗಿತು. ನೀರು ತೀರ ಇಳಿದ ಬೇಸಿಗೆಯಲ್ಲಿ ಅದು ತಲೆ ಎತ್ತುತ್ತದೆ, ನಾವು ಓಡಿ ಹೋಗಿ ಫೋಟೋ ತೆಗೆಯುತ್ತೇವೆ. ಮುಳುಗಿದ ಗದ್ದೆ, ತೋಟ, ಮನೆ, ದೇವರ ಕಟ್ಟೆಗಳು ಯಾರ ಫೋಟೋದಲ್ಲೂ ಬರುವುದಿಲ್ಲ. ಎದ್ದು ಹೋದ ಜನ ಹಕ್ಕುಪತ್ರಕ್ಕಾಗಿ ದಶಕಗಟ್ಟಲೆ ಅಲೆದರು. ನೀರಿನ ಆಚೆ ಉಳಿದ ತುಮರಿ ಕಡೆಯವರು ಆಸ್ಪತ್ರೆಗೂ ಕಾಲೇಜಿಗೂ ಲಾಂಚ್ ಕಾದರು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ 2.44 ಕಿ.ಮೀ. ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಅಣೆಕಟ್ಟು ಕಟ್ಟಿ ಅರವತ್ತೊಂದು ವರ್ಷವಾದ ಮೇಲೆ!

ನಾಡಿಗೆ ಶರಾವತಿ ದೀಪ ಕೊಟ್ಟಳು. 2019ರಲ್ಲಿ ಕುಡಿಯುವ ನೀರಿಗೂ ಬೆಂಗಳೂರು ಅವಳ ಕಡೆ ಕೈಚಾಚಿತು. ಶಿವಮೊಗ್ಗ ಜಿಲ್ಲೆ ಜುಲೈ 10ರಂದು ಬಂದ್ ಮಾಡಿ ಬೇಡ ಎಂದಿತು. ಈಗ ಶನಿವಾರ, ಭಾನುವಾರಕ್ಕೂ ನಮಗೆ ಅವಳೇ ಬೇಕು. ಕೊಟ್ಟವರ ಹೆಸರಾದರೂ ಕೇಳಿದ್ದೇವೆಯೇ?

ಕೆಲವರು ಕೇಳಬಹುದು, ಬೆಟ್ಟ ಹತ್ತುವುದಕ್ಕೂ ಕನ್ನಡಕ್ಕೂ ಎಲ್ಲಿಯ ಸಂಬಂಧ? ಮಲೆನಾಡಿನಲ್ಲಿ ದಾರಿ ಕೇಳಿ ನೋಡಿ. ಸಂಕ ದಾಟಿ, ದಣಪೆ ಸರಿಸಿ, ಕಾನಿನ ಅಂಚು ಹಿಡಿದು ಹೋಗಿ ಬ್ಯಾಣಕ್ಕೆ ಏರಿ ಎನ್ನುತ್ತಾರೆ. ಸಂಕವೆಂದರೆ ಹಳ್ಳದ ಮೇಲಿನ ಮರದ ಕಾಲುಸೇತುವೆ. ದಣಪೆ ಬೇಲಿಯ ಬಾಯಿಗೆ ಹಾಕಿದ ಅಡ್ಡಗಳ. ಸರಿಸಿದವನೇ ಮತ್ತೆ ಮುಚ್ಚಬೇಕು, ಇಲ್ಲದಿದ್ದರೆ ದನ ತೋಟಕ್ಕೆ ನುಗ್ಗುತ್ತವೆ. ಕಾನು ದಟ್ಟ ಹಸಿರು ಕಾಡು, ಬ್ಯಾಣ ಹುಲ್ಲುಗಾವಲು, ಹಕ್ಕಲು ಕುರುಚಲು ಬಯಲು. ಒಂದೊಂದು ಮಾತೂ ಒಂದೊಂದು ಕೈಮರ. ಇಷ್ಟನ್ನೂ 'ಫಾರೆಸ್ಟ್' ಎಂಬ ಒಂದೇ ಮಾತಿನಲ್ಲಿ ಮುಗಿಸುವವನಿಗೆ ಹೇಳಿದ ದಾರಿಯೂ ತಿಳಿಯುವುದಿಲ್ಲ. ಗುಡ್ಡಕ್ಕೆ 'ಸನ್‌ಸೆಟ್ ಪಾಯಿಂಟ್' ಎಂದು ನಾವು ಹಲಗೆ ಹೊಡೆದರೆ ಊರು ಇಟ್ಟ ಹೆಸರು ಒಂದು ತಲೆಮಾರಿನಲ್ಲಿ ಸಾಯುತ್ತದೆ. ನೀರು ಊರನ್ನು ಮುಳುಗಿಸಿತು. ಉಳಿದ ಹೆಸರುಗಳನ್ನು ನಾವೇ ಮುಳುಗಿಸಬೇಕೆ?

ಬೇರೆಯವರನ್ನು ನೋಡಿ. ಮರಾಠಿ ಹುಡುಗರು ಸಹ್ಯಾದ್ರಿಯ ಕೋಟೆಗಳನ್ನು ಮರಾಠಿಯಲ್ಲೇ ಹತ್ತುತ್ತಾರೆ. ಗೋ.ನೀ. ದಾಂಡೇಕರ್ ಅವರಂಥ ಲೇಖಕರು ಕೋಟೆ ಸುತ್ತುವುದನ್ನೇ ಅವರ ಸಾಹಿತ್ಯ ಮಾಡಿಕೊಟ್ಟರು. ನಮಗೇನು ಕಡಿಮೆ? ಕೆಳದಿ, ಇಕ್ಕೇರಿ, ಬಿದನೂರು ನಗರ, ಕವಲೇದುರ್ಗ, ಕಾನೂರು ಕೋಟೆ ಎಲ್ಲ ಇದೇ ಸೀಮೆಯಲ್ಲಿವೆ. ಅಮೆರಿಕದಲ್ಲಿ ಸುಮಾರು 3,500 ಕಿ.ಮೀ. ಉದ್ದದ ಅಪಲೇಚಿಯನ್ ಕಾಲುದಾರಿ ಇದೆ. 1921ರಲ್ಲಿ ಒಬ್ಬರು ಸೂಚಿಸಿದ್ದು, 1937ರಲ್ಲಿ ಪೂರ್ತಿಯಾಯಿತು. ಅದಕ್ಕೆ ಬಿದ್ದ ಮರ ಸರಿಸುವವರು, ಗುರುತು ಬಳಿಯುವವರು ಇವತ್ತಿಗೂ ಬಹುಪಾಲು ಊರೂರಿನ ಸ್ವಯಂಸೇವಕ ಸಂಘದವರು. ಅಷ್ಟು ದೂರ ಯಾಕೆ? ಲಿಂಗನಮಕ್ಕಿಯ ದಂಡೆಯ ಹೊನ್ನೆಮರಡಿನಲ್ಲೇ ಎಸ್.ಎಲ್.ಎನ್. ಸ್ವಾಮಿ ಮತ್ತು ನೊಮಿತೊ ಕಾಮದಾರ್ ದಶಕಗಳ ಕಾಲ ಯುವಕರಿಗೆ ಹರಿಗೋಲು, ದೋಣಿ, ಶಿಬಿರ ಜೀವನ ಕಲಿಸಿದರು. ಮುಳುಗಡೆಯ ನೋವನ್ನು ಅರಿಯಬೇಕಾದವರಿಗೆ ಸಾಗರದ ನಾ. ಡಿಸೋಜ ಕಾದಂಬರಿಗಳನ್ನೇ ಬರೆದಿಟ್ಟರು. ಬಸ್ಸು ಹತ್ತುವ ಮೊದಲು ಅವರ 'ಮುಳುಗಡೆ' ಓದುವುದಕ್ಕೇನು ಕಷ್ಟ?

ಗೆಳೆಯರೇ, ನಿಮ್ಮ ಬಡಾವಣೆಯಲ್ಲಿ, ನಿಮ್ಮ ಕಾಲೇಜಿನಲ್ಲಿ ಹತ್ತು ಜನ ಸೇರಿ ಚಾರಣದ ಸಂಘ ಕಟ್ಟಿ. ಕಟ್ಟುವುದು ಸುಲಭ, ನಡೆಸುವುದು ಕಷ್ಟ. ಹಾಗಾಗಿ ಕೆಲವು ಮಾತು.

ಹದಿನೈದು ಜನ ಮೀರಬೇಡಿ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ನುಗ್ಗಿದ ಮೇಲೆ ಸರ್ಕಾರ ಚಾರಣಕ್ಕೆ ತಡೆ ಹಾಕಿತು. ಅದೇ ವರ್ಷ ಅಕ್ಟೋಬರಿನಲ್ಲಿ ಒಂದು ದಾರಿಗೆ ದಿನಕ್ಕೆ 300 ಜನ ಎಂಬ ಮಿತಿಯೊಂದಿಗೆ ಆನ್‌ಲೈನ್ ಚೀಟಿ ತಂದಿತು. ನುಗ್ಗಿದವರಿಂದಲೇ ಬಂದ ಬೇಲಿ ಅದು. ಅಭಯಾರಣ್ಯದೊಳಗೆ ಕಳ್ಳದಾರಿ ಹಿಡಿಯಬೇಡಿ.

ಮುಂದೆ ಒಬ್ಬ, ಕೊನೆಯಲ್ಲಿ ಒಬ್ಬ ದಾರಿ ಬಲ್ಲವನಿರಲಿ. ಪ್ರತಿ ಸಂಕದ ಬಳಿ ತಲೆ ಎಣಿಸಿ. ತೀರ ನಿಧಾನ ನಡೆಯುವವನ ಹೆಜ್ಜೆಯೇ ಗುಂಪಿನ ಹೆಜ್ಜೆ.

ಮಂಗನ ಕಾಯಿಲೆಯನ್ನು ಹಗುರವಾಗಿ ನೋಡಬೇಡಿ. 1957ರಲ್ಲಿ ಅದು ಮೊದಲು ಕಾಣಿಸಿದ ಕ್ಯಾಸನೂರು ಪಕ್ಕದ ಸೊರಬದಲ್ಲೇ ಇದೆ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಸುತ್ತ ಹಲವು ಜೀವ ಹೋದವು. ರೋಗ ಹಬ್ಬಿಸುವುದು ಉಣುಗು. ಡಿಸೆಂಬರಿನಿಂದ ಮೇವರೆಗೆ, ಅಂದರೆ ನಮಗೆ ನಡೆಯಲು ಹಿತವಾದ ಕಾಲದಲ್ಲೇ, ಅದರ ಹಾವಳಿ. ಹೊರಡುವ ಮೊದಲು ಅಲ್ಲಿನ ಆರೋಗ್ಯ ಕೇಂದ್ರಕ್ಕೆ ಫೋನು ಮಾಡಿ. ಬೇಡ ಎಂದರೆ ಹೋಗಬೇಡಿ. ಮುಂದಾಳಿನ ನಿಜವಾದ ಧೈರ್ಯ ಬಸ್ಸು ರದ್ದು ಮಾಡುವುದರಲ್ಲಿದೆ.

ಊಟ ಊರಿನ ಮನೆಯಲ್ಲಿ, ಸರಿಯಾದ ದುಡ್ಡು ಕೊಟ್ಟು. ದಾರಿ ತೋರಿದವನಿಗೆ ಚೌಕಾಸಿ ಇಲ್ಲದ ಕೂಲಿ. ಪೈಸೆ ಪೈಸೆಯ ಲೆಕ್ಕ ಎಲ್ಲರ ಮುಂದೆ. ಒಯ್ದ ಪ್ಲಾಸ್ಟಿಕ್ ವಾಪಸ್ಸು ಬೆಂಗಳೂರಿಗೆ.

ಕೊನೆಯದಾಗಿ, ಒಂದು ನೋಟ್‌ಬುಕ್. ಹಳ್ಳ, ಗುಡ್ಡ, ಕಾನು, ಮುಳುಗಿದ ಕೇರಿ, ಎಲ್ಲದರ ಹೆಸರನ್ನು ಊರ ಹಿರಿಯರನ್ನು ಕೇಳಿ ಬರೆದುಕೊಳ್ಳಿ. ಮುಳುಗಡೆಯನ್ನು ಕಣ್ಣಾರೆ ಕಂಡವರಿಗೆ ಈಗ ಎಪ್ಪತ್ತು ದಾಟಿದೆ. ಅವರು ಹೋದರೆ ಹೆಸರೂ ಹೋಯಿತು. ಕನ್ನಡ ಬಾರದ ಗೆಳೆಯ ಬರುತ್ತೇನೆಂದರೆ ಖಂಡಿತ ಕರೆತನ್ನಿ. ವಾಪಸ್ಸಾಗುವಷ್ಟರಲ್ಲಿ ಸಂಕ, ದಣಪೆ, ಕಾನು ಎನ್ನುವುದನ್ನು ಅವನೂ ಕಲಿತಿರುತ್ತಾನೆ.

ಆ ಅಜ್ಜ ಅಂದು ನಮ್ಮನ್ನು ಮನೆಗೆ ಕರೆದೊಯ್ದು ಬೆಲ್ಲ, ನೀರು ಕೊಟ್ಟರು. ಜಗಲಿಯಲ್ಲಿ ಕೂತು ತಮ್ಮ ಗದ್ದೆಗಳ ಹೆಸರುಗಳನ್ನು ಒಂದೊಂದಾಗಿ ಹೇಳಿದರು. ನಾನು ಬರೆದುಕೊಳ್ಳಲಿಲ್ಲ. ನೀವು ಬರೆದುಕೊಳ್ಳಿ.