ಹಳಬರಿಗೆ ಉದ್ರಿ, ಹೊಸಬರಿಗೆ ನಗದು

ನಮ್ಮ ಅಬ್ಬಾ ಅವರ ಕಿರಾಣಿ ಅಂಗಡಿಯ ಗಲ್ಲಾದ ಮೇಲೆ 'ಇಂದು ನಗದು, ನಾಳೆ ಉದ್ರಿ' ಎಂಬ ಹಲಗೆ ಇದೆ. ಅದೇ ಗಲ್ಲಾದ ಒಳಗೆ ಕೆಂಪು ರಟ್ಟಿನ ಉದ್ರಿ ಪುಸ್ತಕವೂ ಇದೆ. ಹತ್ತು ವರ್ಷದ ಗಿರಾಕಿ ಬಂದರೆ ಪುಸ್ತಕ ಹೊರಗೆ ಬರುತ್ತದೆ. ಓಣಿಗೆ ಹೊಸದಾಗಿ ಬಂದವರು ಕೇಳಿದರೆ ಅಬ್ಬಾ ಮಾತಾಡುವುದಿಲ್ಲ, ಸುಮ್ಮನೆ ಹಲಗೆಯ ಕಡೆ ನೋಡುತ್ತಾರೆ. ವ್ಯಾಪಾರದಲ್ಲಿ ಇದು ತಪ್ಪಲ್ಲ. ಆದರೆ ಸಿನಿಮಾ ನೋಡುವಾಗಲೂ ನಾವು ಹೀಗೇ ಮಾಡುತ್ತೇವೆ ಎಂಬುದು ಈ ರಜೆಯಲ್ಲಿ ಒಂದು ಹಳೆಯ ಜೇಮ್ಸ್ ಬಾಂಡ್ ಚಿತ್ರ ನೋಡಿದ ಮೇಲೆ ನನಗೆ ಹೊಳೆಯಿತು.

ಚಿತ್ರದ ಹೆಸರು 'ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್'. 1969ರದು. ಬಾಂಡ್ ಆಗಿ ಜಾರ್ಜ್ ಲೇಜನ್‌ಬಿ ನಟಿಸಿದ ಒಂದೇ ಒಂದು ಚಿತ್ರ. ಊರಿಂದ ಬಂದಿದ್ದ ಮಾಮು ಹಾಕಿದರು. ಮನೆಮಂದಿಯೆಲ್ಲ ಕೂತಿದ್ದರಿಂದ ರಿಮೋಟ್ ಮಾಮು ಕೈಯಲ್ಲೇ ಇತ್ತು, ಕೆಲವು ದೃಶ್ಯಗಳು ಬಹಳ ವೇಗವಾಗಿ ಓಡಿದವು. ಉಳಿದದ್ದನ್ನು ಪೂರ್ತಿ ನೋಡಿದೆವು.

ಚಿತ್ರ ಮುಗಿಯುವ ಹೊತ್ತಿಗೆ ಒಂದೇ ಕೋಣೆಯಲ್ಲಿ ಎರಡು ಪಕ್ಷಗಳಾಗಿದ್ದವು. ಮಾಮು ತಮ್ಮ ಕಾಲದಲ್ಲಿ ವಿಸಿಆರ್ ಬಾಡಿಗೆಗೆ ತಂದು ಶಾನ್ ಕಾನರಿಯ ಬಾಂಡ್ ಚಿತ್ರಗಳನ್ನೆಲ್ಲ ನೋಡಿದವರು. "ಯೇ ನಕ್ಕೋ, ವೋಇಚ್ ಹೋನಾ" ಎಂದುಬಿಟ್ಟರು. ಇವನು ಬೇಡ, ಅವನೇ ಬೇಕು! ಲೇಜನ್‌ಬಿ ಮರದ ಗೊಂಬೆಯ ಹಾಗೆ ನಿಲ್ಲುತ್ತಾರೆ, ಕಣ್ಣಲ್ಲಿ ತುಂಟತನ ಇಲ್ಲ ಎಂಬುದು ಅವರ ತಕರಾರು. ಬಿ.ಕಾಂ. ಓದುವ ನನ್ನ ಆಪಾ ಕಾನರಿಯ ಒಂದು ಚಿತ್ರವನ್ನೂ ನೋಡಿಲ್ಲ. ಅವಳು ಕಡೆಯ ದೃಶ್ಯದಲ್ಲಿ ದುಪಟ್ಟಾದಿಂದ ಕಣ್ಣು ಒರೆಸಿಕೊಂಡು, "ಪಾಪ, ಎಷ್ಟು ಚೆನ್ನಾಗಿ ಮಾಡಿದ್ದಾನೆ" ಎಂದಳು. ಇಬ್ಬರೂ ನೋಡಿದ್ದು ಒಂದೇ ನಟನೆ. ಹಾಗಾದರೆ ಇಬ್ಬರೂ ಅಳೆದದ್ದು ಏನನ್ನು?

ಕಾನರಿ 1962ರ 'ಡಾ. ನೋ'ದಿಂದ 1967ರವರೆಗೆ ಐದು ಚಿತ್ರಗಳಲ್ಲಿ ಬಾಂಡ್ ಆಗಿ ನಟಿಸಿ ಹೊರಗೆ ಹೋದರು. ಆ ಜಾಗಕ್ಕೆ ಬಂದ ಲೇಜನ್‌ಬಿ ಆಸ್ಟ್ರೇಲಿಯಾದವರು. ಕಾರು ಮಾರುತ್ತಿದ್ದವರು, ಲಂಡನ್ನಿಗೆ ಬಂದು ಮಾಡೆಲ್ ಆದವರು. ಚಾಕೊಲೇಟ್ ಜಾಹೀರಾತಿನಿಂದ ಜನರಿಗೆ ಮುಖ ಗೊತ್ತಿತ್ತು, ಚಿತ್ರದಲ್ಲಿ ನಟಿಸಿದ ಅನುಭವ ಇರಲಿಲ್ಲ. ನಿರ್ದೇಶಕ ಪೀಟರ್ ಹಂಟ್ ಹಿಂದಿನ ಬಾಂಡ್ ಚಿತ್ರಗಳ ಸಂಕಲನಕಾರ, ಅವರಿಗೂ ಇದು ನಿರ್ದೇಶನದ ಮೊದಲ ಚಿತ್ರ. ನಾಯಕಿ ಟ್ರೇಸಿಯಾಗಿ ಬಂದ ಡಯಾನಾ ರಿಗ್ ಮಾತ್ರ ಶೇಕ್ಸ್‌ಪಿಯರ್ ನಾಟಕಗಳಲ್ಲಿ ಪಳಗಿದ ಕಲಾವಿದೆ.

ಚಿತ್ರ ತೆಗೆದವರೇ ಹೋಲಿಕೆಗೆ ಬಾಗಿಲು ತೆರೆದಿಟ್ಟಿದ್ದಾರೆ ಎಂಬುದನ್ನೂ ಹೇಳಬೇಕು. ಮೊದಲ ಹೊಡೆದಾಟ ಮುಗಿಯುತ್ತಿದ್ದಂತೆ ಹುಡುಗಿ ಕಾರು ಹತ್ತಿ ಹೊರಟೇ ಹೋಗುತ್ತಾಳೆ. ಆಗ ಬಾಂಡ್, ಹಿಂದಿನವನಿಗೆ ಹೀಗೆ ಆಗಿರಲಿಲ್ಲವಲ್ಲ ಎಂಬ ಅರ್ಥದಲ್ಲಿ ಗೊಣಗುತ್ತಾನೆ. ಆಮೇಲೆ ಹೆಸರುಗಳು ಬರುವಾಗ ಹಳೆಯ ಚಿತ್ರಗಳ ತುಣುಕುಗಳು. ಇನ್ನೊಂದು ಕಡೆ ಅವನು ಮೇಜಿನ ಖಾನೆಯಿಂದ ಹಿಂದಿನ ಸಾಹಸಗಳ ವಸ್ತುಗಳನ್ನು ಒಂದೊಂದಾಗಿ ತೆಗೆಯುತ್ತಾನೆ. ಹೊಸ ಸೊಸೆ ಮನೆಗೆ ಬಂದ ದಿನವೇ ಎದುರು ಮನೆ ಸೊಸೆಯ ಅಡುಗೆಯ ಮಾತು ತೆಗೆದ ಹಾಗೆ.

ಆದರೂ ನಮ್ಮ ಅಳತೆಗೋಲು ನೆಟ್ಟಗಿಲ್ಲ ಎನ್ನುವುದಕ್ಕೆ ಅದೇ ಚಿತ್ರದಲ್ಲಿ ಸಾಕ್ಷಿ ಇದೆ. ಖಳನಾಯಕ ಬ್ಲೋಫೆಲ್ಡ್ ಪಾತ್ರಧಾರಿಯೂ ಬದಲಾಗಿದ್ದಾರೆ. ಹಿಂದಿನ ಚಿತ್ರದಲ್ಲಿ ಡೊನಾಲ್ಡ್ ಪ್ಲೆಸೆನ್ಸ್, ಇದರಲ್ಲಿ ಟೆಲಿ ಸವಾಲಾಸ್. ಇಬ್ಬರ ಮೈಕಟ್ಟು ಬೇರೆ, ಮಾತಿನ ಧಾಟಿ ಬೇರೆ. ಇದನ್ನು ಮಾಮುಗೆ ನೆನಪಿಸಿದಾಗ, "ಹೌದಲ್ಲ!" ಎಂದರು. ಅವರ ಗಮನಕ್ಕೇ ಬಂದಿರಲಿಲ್ಲ. ಆ ಜಾಗದಲ್ಲಿ ಅವರು ಯಾರ ಉದ್ರಿ ಪುಸ್ತಕವನ್ನೂ ಇಟ್ಟಿರಲಿಲ್ಲ, ಹಾಗಾಗಿ ಹೊಸಬರ ನಟನೆಯನ್ನು ಸುಮ್ಮನೆ ನೋಡಿದರು.

ಇನ್ನು ತಪ್ಪುಗಳ ಮಾತು. ಲೇಜನ್‌ಬಿಯ ನಟನೆಯಲ್ಲಿ ತಪ್ಪಿಲ್ಲ ಎಂದು ನಾನು ಹೇಳುವುದಿಲ್ಲ. ತಮಾಷೆಯ ಮಾತುಗಳನ್ನು ಒಪ್ಪಿಸುವ ಹಾಗೆ ಹೇಳುತ್ತಾರೆ. ರಿಗ್ ಜೊತೆಗಿನ ಮೊದಮೊದಲ ದೃಶ್ಯಗಳಲ್ಲಿ ಕೈ ಎಲ್ಲಿಡಬೇಕು ಎಂದು ತಿಳಿಯದವರ ಹಾಗೆ ಕಾಣುತ್ತಾರೆ. ಆದರೆ ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಬಾಂಡ್ ವೇಷ ಮರೆಸಿಕೊಂಡು, ಸರ್ ಹಿಲರಿ ಬ್ರೇ ಎಂಬ ವಂಶಾವಳಿ ಪಂಡಿತನ ಹೆಸರಲ್ಲಿ ಸ್ವಿಟ್ಜರ್ಲೆಂಡಿನ ಬೆಟ್ಟದ ಮೇಲಿನ ಬ್ಲೋಫೆಲ್ಡ್‌ನ ಅಡ್ಡೆಗೆ ಹೋಗುತ್ತಾನೆ. ಆ ವೇಷದಲ್ಲಿ ಇರುವಷ್ಟು ಹೊತ್ತು ನಾವು ಕೇಳುವ ದನಿ ಲೇಜನ್‌ಬಿಯದಲ್ಲ. ನಿಜವಾದ ಬ್ರೇ ಪಾತ್ರ ಮಾಡಿದ ಜಾರ್ಜ್ ಬೇಕರ್ ಅವರದು. ಮುಖ ಒಬ್ಬರದು, ಮಾತು ಇನ್ನೊಬ್ಬರದು. ಅಲ್ಲಿ 'ಮಾತಿನಲ್ಲಿ ಜೀವ ಇಲ್ಲ' ಎಂದು ಲೇಜನ್‌ಬಿಯ ಅಂಕ ಕಳೆದರೆ ಅದು ಯಾರ ಖಾತೆಯ ನಷ್ಟ?

ಇದು ತಿಳಿದಾಗ ನನಗೆ ಒಂಬತ್ತನೇ ತರಗತಿಯ ರಾಜ್ಯೋತ್ಸವ ನೆನಪಾಯಿತು. ನಾಟಕದಲ್ಲಿ ನನ್ನದು ದೂತನ ಪಾತ್ರ. ಮನೆಯಲ್ಲಿ ಉರ್ದು ಮಾತಾಡುವ ನನ್ನ ನಾಲಿಗೆಗೆ 'ಳ' ಬರುತ್ತಿರಲಿಲ್ಲ, 'ಲ' ಆಗುತ್ತಿತ್ತು. ಕಡೆಗೆ ನಾನು ವೇದಿಕೆಯ ಮೇಲೆ ಬಾಯಿ ಆಡಿಸಿದೆ, ಪರದೆಯ ಹಿಂದಿನಿಂದ ಗೆಳೆಯನೊಬ್ಬ ಮೈಕಿನಲ್ಲಿ ನನ್ನ ಮಾತು ಹೇಳಿದ. ನಾಟಕ ಮುಗಿದ ಮೇಲೆ ಒಬ್ಬ ಹಿರಿಯರು ಬಂದು, "ನಿನ್ನ ದನಿ ಬಹಳ ಚೆನ್ನಾಗಿದೆ" ಎಂದು ಬೆನ್ನು ತಟ್ಟಿದರು! ನಗು ಬಂತು, ಅಳುವೂ ಬಂತು. ಉಚ್ಚಾರ ತಪ್ಪಿತ್ತು, ಒಪ್ಪುತ್ತೇನೆ. ಆದರೆ ಆ ದಿನ ನನಗೆ ಸಿಕ್ಕ ಹೊಗಳಿಕೆಯೂ ನನ್ನದಾಗಿರಲಿಲ್ಲ.

ಹಾಗಾದರೆ ಲೇಜನ್‌ಬಿಯದೇ ಎನ್ನಬಹುದಾದ ನಟನೆ ಎಲ್ಲಿದೆ? ನನ್ನ ಲೆಕ್ಕದಲ್ಲಿ ಎರಡು ಕಡೆ. ಮೊದಲನೆಯದು, ಬೆಟ್ಟದಿಂದ ತಪ್ಪಿಸಿಕೊಂಡ ಬಾಂಡ್ ಕ್ರಿಸ್‌ಮಸ್ ಜಾತ್ರೆಯ ಜನರ ನಡುವೆ ಅಡಗುವ ದೃಶ್ಯ. ಹಿಂದೆ ಬೇಟೆಗಾರರು. ಕರಡಿ ವೇಷದ ಯಾರೋ ಎದುರು ಬಂದರೂ ಬೆಚ್ಚಿಬೀಳುತ್ತಾನೆ. ಮಂಜಿನ ಮೇಲೆ ಜಾರಾಡುವ ಅಂಗಳದ ಪಕ್ಕ ತಲೆ ತಗ್ಗಿಸಿ ಕೂರುತ್ತಾನೆ. ಎದುರಿಗೆ ಒಂದು ಜೊತೆ ಸ್ಕೇಟ್ಸ್ ಬಂದು ನಿಲ್ಲುತ್ತವೆ. ನಿಧಾನಕ್ಕೆ ಕಣ್ಣೆತ್ತಿದರೆ ಟ್ರೇಸಿ. ಆ ಮುಖದ ಹೆದರಿಕೆ ನೋಡಿ ನನಗೂ ಉಸಿರು ಬಿಗಿಯಾಯಿತು. ಕಾನರಿಯ ಬಾಂಡ್ ಹೀಗೆ ಹೆದರಿದ್ದು ನೆನಪಿದೆಯೇ ಎಂದು ಮಾಮುಗೆ ಕೇಳಿದೆ. "ಅವನು ಯಾಕೆ ಹೆದರಬೇಕು?" ಎಂದರು. ನನ್ನ ಉತ್ತರ ಅಲ್ಲೇ ಇತ್ತು. ಇದು ಬೇರೆ ಬಾಂಡ್, ಬೇರೆ ಕೆಲಸ.

ಎರಡನೆಯದು ಕೊನೆಯ ದೃಶ್ಯ. ಮದುವೆಯಾಗಿ ಹೊರಟ ದಿನವೇ ಟ್ರೇಸಿಗೆ ಗುಂಡು ತಗಲುತ್ತದೆ. ಪೊಲೀಸಿನವನು ಬಂದಾಗ ಬಾಂಡ್ ಅವಳನ್ನು ಮಡಿಲಲ್ಲಿಟ್ಟುಕೊಂಡು, ಅವಳು ದಣಿದು ಮಲಗಿದ್ದಾಳೆ, ಅವಸರವೇನಿಲ್ಲ ಎಂಬಂತೆ ಮೆಲ್ಲಗೆ ಮಾತಾಡುತ್ತಾನೆ. ಕಿರುಚಾಟ ಇಲ್ಲ, ಎದೆ ಬಡಿದುಕೊಳ್ಳುವುದಿಲ್ಲ. ದೊಡ್ಡ ದುಃಖದಲ್ಲಿ ಮನುಷ್ಯ ಹೀಗೇ ಸಣ್ಣ ದನಿಯಲ್ಲಿ ಸುಳ್ಳು ಹೇಳಿಕೊಳ್ಳುತ್ತಾನೆ. ನಮ್ಮ ದಾದಾ ತೀರಿಹೋದ ದಿನ ದಾದಿ ಬಹಳ ಹೊತ್ತು, "ಮಲಗಲಿ ಬಿಡಿ" ಎನ್ನುತ್ತಿದ್ದರು. ಆಪಾ ಅತ್ತದ್ದು ಅದಕ್ಕೇ ಇರಬೇಕು.

ಪರಿಚಿತ ಮುಖಕ್ಕೆ ಎಷ್ಟು ಉದ್ರಿ ಸಿಗುತ್ತದೆ ಎಂಬುದಕ್ಕೆ ನಮ್ಮ ಕನ್ನಡದ್ದೇ ಉದಾಹರಣೆ ಇದೆ. ಅದರ ಹಿಂದಿನ ವರ್ಷ, 1968ರಲ್ಲಿ, ಬಾಂಡ್ ಮಾದರಿಯಲ್ಲಿ 'ಜೇಡರ ಬಲೆ' ಬಂತು. ದೊರೆ-ಭಗವಾನ್ ನಿರ್ದೇಶನ, ರಾಜ್‌ಕುಮಾರ್ ಸಿಐಡಿ 999. 'ಬೇಡರ ಕಣ್ಣಪ್ಪ'ನಂಥ ಭಕ್ತಿಯ ಪಾತ್ರಗಳಲ್ಲಿ ನೋಡಿದ್ದ ನಟ ಸೂಟು ಹಾಕಿ ಪಿಸ್ತೂಲು ಹಿಡಿದರೂ ಜನ ಒಪ್ಪಿದರು, ಆ ಸರಣಿಯಲ್ಲಿ ಮತ್ತೂ ಚಿತ್ರಗಳು ಬಂದವು. ರಾಜ್‌ಕುಮಾರ್ ದೊಡ್ಡ ನಟ, ಸಂಶಯವಿಲ್ಲ. ಆದರೆ ಅದೇ ಪಾತ್ರವನ್ನು ಆ ದಿನ ಕಾರು ಮಾರುವ ಹುಡುಗನೊಬ್ಬ ಮಾಡಿದ್ದರೆ ಅಷ್ಟು ತಾಳ್ಮೆ ಸಿಗುತ್ತಿತ್ತೇ?

ಮಾಮು ಸುಮ್ಮನೆ ಸೋಲುವವರಲ್ಲ. "ಕಾನರಿ ಕಟ್ಟಿದ ಹೆಸರಿನ ಮೇಲೆ ಇವನು ಬಂದು ಕೂತಿದ್ದಾನೆ. ಹೋಲಿಸದೆ ಬಿಡುತ್ತಾರಾ?" ಎಂದರು. ನ್ಯಾಯವಾದ ಮಾತು. ದ್ವಿತೀಯ ಪಿಯುಸಿ ಅಕೌಂಟೆನ್ಸಿಯಲ್ಲಿ ನಾವೂ ಇದನ್ನೇ ಓದುತ್ತೇವೆ. ಹೊಸ ಪಾಲುದಾರ ಸೇರುವಾಗ ಹಳಬರು ಗಳಿಸಿದ ಹೆಸರಿಗಾಗಿ ಗುಡ್‌ವಿಲ್ ಕೊಡಬೇಕು. ಆದರೆ ಗೆಳೆಯರೇ, ಆ ಸೇರ್ಪಡೆಗೆ ಅದನ್ನು ಒಮ್ಮೆ ಕೊಟ್ಟರೆ ಮುಗಿಯಿತು. ಆಮೇಲೆ ಅವನ ಪಾಲಿನ ಲಾಭ ಅವನದು, ನಷ್ಟ ಅವನದು. ಲೇಜನ್‌ಬಿಯಿಂದ ಮಾತ್ರ ಐವತ್ತು ವರ್ಷ ದಾಟಿದರೂ ವಸೂಲಿ ನಡೆದೇ ಇದೆ. ನಟನೆ ಬಾರದ್ದಕ್ಕೆ ಅವರನ್ನು ಹೊರಹಾಕಿದರು ಎಂದು ಮಾಮುವೂ ನಂಬಿದ್ದರು. ನಿಜವೆಂದರೆ ನಿರ್ಮಾಪಕರು ಇನ್ನೂ ಹಲವು ಚಿತ್ರಗಳಿಗೆ ಕರೆದಿದ್ದರು, ಅವರೇ ಬಿಟ್ಟು ಹೋದರು. 1971ರಲ್ಲಿ ಕಾನರಿ ವಾಪಸು ಬಂದರು. ಇಂದು ನಿರ್ದೇಶಕ ಕ್ರಿಸ್ಟೋಫರ್ ನೋಲನ್ ತಮ್ಮ ಮೆಚ್ಚಿನ ಬಾಂಡ್ ಚಿತ್ರ ಇದೇ ಎನ್ನುತ್ತಾರೆ. ಚಿತ್ರ ಬದಲಾಗಿಲ್ಲ, ನೋಡುವವರು ಬದಲಾಗಿದ್ದಾರೆ.

ಇಷ್ಟೆಲ್ಲ ಬರೆದು ನನ್ನ ಖಾತೆಯನ್ನು ಮುಚ್ಚಿಡುವುದು ಸರಿಯಲ್ಲ. ಈ ವರ್ಷ ನಮ್ಮ ಹಳೆಯ ಅಕೌಂಟೆನ್ಸಿ ಸರ್ ನಿವೃತ್ತರಾಗಿ ಹೊಸ ಸರ್ ಬಂದರು. ಅಭಿಪ್ರಾಯ ಪತ್ರ ಕೊಟ್ಟಾಗ ನಾನು ನಾಲ್ಕು ಸಾಲು ಬರೆದೆ. ಹಳೆಯ ಸರ್ ಹಾಗೆ ನಗಿಸುವುದಿಲ್ಲ, ಹಳೆಯ ಸರ್ ಹಾಗೆ ಬೋರ್ಡ್ ಬಳಸುವುದಿಲ್ಲ, ಹೀಗೇ. ನಾಲ್ಕು ಸಾಲಿನಲ್ಲೂ ಹಳೆಯ ಸರ್ ಇದ್ದರು, ಹೊಸ ಸರ್ ಪಾಠ ಒಂದರಲ್ಲೂ ಇರಲಿಲ್ಲ. ಮೇಲೆ ಬರೆದ ಗುಡ್‌ವಿಲ್ ಲೆಕ್ಕ ನನಗೆ ಅರ್ಥವಾದದ್ದು ಅವರದೇ ತರಗತಿಯಲ್ಲಿ.

ಹೊಸಬರನ್ನು ಸುಮ್ಮನೆ ಹೊಗಳಿ ಎಂದು ನಾನು ಹೇಳುತ್ತಿಲ್ಲ. ಕೈ ಎಲ್ಲಿಡಬೇಕು ತಿಳಿಯದಿದ್ದರೆ ಅದನ್ನೂ ಹೇಳಿ. ಹೇಳುವ ಮೊದಲು ಒಮ್ಮೆ ಅವರನ್ನೇ ನೋಡಿ, ಅಷ್ಟೇ. ಮುಂದಿನ ಅಭಿಪ್ರಾಯ ಪತ್ರದಲ್ಲಿ ನಾನು ಹೊಸ ಖಾತೆ ತೆರೆಯುತ್ತೇನೆ. ಮಾಮು ಈದ್‌ಗೆ ಮತ್ತೆ ಬರುತ್ತಾರೆ. ಅದೇ ಚಿತ್ರವನ್ನು ಇನ್ನೊಮ್ಮೆ ಹಾಕುವುದೆಂದು ಆಪಾ ಈಗಲೇ ತೀರ್ಮಾನ ಮಾಡಿದ್ದಾಳೆ.