ಪಾವಗಡದ ಬಿಸಿಲು ಯಾರ ಪಾಲು?

ನೂತನ ತಂತ್ರಜ್ಞಾನವು ಬಡವ ಬಲ್ಲಿದರೆನ್ನದೆ ಸರ್ವರ ನಿತ್ಯಜೀವನವನ್ನೂ ಸಮಾನವಾಗಿ ಬೆಳಗಿದೆಯೆಂದು ಸಾರಿ, ಅದಕ್ಕೆ ಪಾವಗಡದ ಸೌರವಿದ್ಯುತ್ ಪಾರ್ಕನ್ನೇ ನಿದರ್ಶನವಾಗಿ ಮುಂದಿಟ್ಟ ಕಳೆದ ಸಂಚಿಕೆಯ ಲೇಖನವನ್ನು ಹೊಳವನಹಳ್ಳಿಯಲ್ಲಿ ಕುಳಿತು ಓದಿದ ನನಗೆ, ಲೇಖಕರು ಆ ಪಾರ್ಕಿನ ಬೇಲಿಯ ಹೊರಗೆ ನಿಂತವರನ್ನು ಕಂಡೇ ಇಲ್ಲವೆಂದು ತೋರಿತು.

ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯ ಸ್ಥಾಪಿತವಾದುದೂ, ಭೂಮಿಯನ್ನು ಕಿತ್ತುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಹಿಡಿದುದೂ ಶ್ಲಾಘ್ಯವೇ. ಮುಗಿಲು ನೋಡಿ ಸೋತ ಕಡಲೆಕಾಯಿ ಬೆಳೆಗಾರನಿಗೆ ಅದು ಬರದಲ್ಲೂ ಬತ್ತದ ಆದಾಯ. ಆದರೆ ಪಹಣಿಯಲ್ಲಿ ಹೆಸರಿಲ್ಲದವನಿಗೆ ಗುತ್ತಿಗೆಯ ಹಣವೆಲ್ಲಿಯದು? ಅದೇ ಹೊಲದಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದ ಹೆಂಗಸಿಗೂ, ಸುಗ್ಗಿ ಮುಗಿದ ಬಯಲಲ್ಲಿ ಕುರಿ ಮೇಯಿಸುತ್ತಿದ್ದವನಿಗೂ ದೊರೆತದ್ದು ತಂತಿಬೇಲಿ. ಹೆಚ್ಚೆಂದರೆ, ಕೆಲವರಿಗೆ ಫಲಕಗಳ ಧೂಳು ತೊಳೆಯುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸ.

ಯಂತ್ರವನ್ನು ನಾನು ಹಳಿಯುತ್ತಿಲ್ಲ (ಸದರಿ ಲೇಖನವನ್ನು ಓದಿದ್ದೇ ಮೊಬೈಲಿನಲ್ಲಿ). ಹಿಡುವಳಿಯ ಅಳತೆಗೆ ತಕ್ಕಂತೆ ಲಾಭ ಹಂಚಿದ ಒಪ್ಪಂದಕ್ಕೆ ಸಮಾನತೆಯ ಬಿರುದು ತೊಡಿಸಿದುದನ್ನು ಮಾತ್ರ ಒಪ್ಪಲಾರೆ. 28 ವರ್ಷಗಳ ಗುತ್ತಿಗೆಯಲ್ಲಿ ಇನ್ನೂ ಬಹುಪಾಲು ಉಳಿದಿರುವುದರಿಂದ, ಆ ಭೂಹೀನ ಕುಟುಂಬಗಳಿಗೂ ವಾರ್ಷಿಕ ಪಾಲೊಂದನ್ನು ಗೊತ್ತುಪಡಿಸಲು ಕಾಲ ಮಿಂಚಿಲ್ಲ.