ಎರಡು ಬಾಗಿಲ ಕಾರು, ಹಿಂದಿನ ಸೀಟಿನ ಆಯಿ

ಸಿನಿಮಾದಲ್ಲಿ ಹೀರೋ ಕಾರಿನಿಂದ ಇಳಿಯುವುದನ್ನು ಎಷ್ಟು ಸಲ ನೋಡಿದ್ದೀರಿ? ಮೊದಲು ಬೂಟು, ಆಮೇಲೆ ಕೂಲಿಂಗ್ ಗ್ಲಾಸು, ಆಮೇಲೆ ಥಿಯೇಟರಿನ ತುಂಬ ಶಿಳ್ಳೆ! ಅದೇ ಕಾರಿನ ಹಿಂದಿನ ಸೀಟಿನಿಂದ ಹೀರೋನ ತಾಯಿ ಇಳಿಯುವುದನ್ನು ಎಂದಾದರೂ ನೋಡಿದ್ದೀರಾ? ಇಲ್ಲ. ಯಾಕೆಂದರೆ ಆ ಕಾರಿಗೆ ಹಿಂದೆ ಬಾಗಿಲೇ ಇರುವುದಿಲ್ಲ!

ಈ ವಾರ ಗಾಂಧಿನಗರದ ಗಾಳಿಸುದ್ದಿ ಬದಿಗಿರಲಿ. ನಮ್ಮ ಶಹಾಪುರದ ಸುದ್ದಿ ಕೇಳಿ.

ಶಹಾಪುರದ ಖಡೇಬಜಾರದಲ್ಲಿ ನನ್ನ ಸೋದರಮಾವನದು ಸೀರೆ ಅಂಗಡಿ. ಹುಡುಗನಾಗಿದ್ದಾಗ ರಾಜ್‌ಕುಮಾರರ 'ಗೋವಾದಲ್ಲಿ ಸಿ.ಐ.ಡಿ. 999' ಚಿತ್ರ ನೋಡಿ ತಲೆ ಕೆಡಿಸಿಕೊಂಡವನು. ಅದು 1968ರ ಚಿತ್ರ, ಮಾಮಾ ನೋಡಿದ್ದು ಎಷ್ಟೋ ವರ್ಷದ ಮೇಲೆ, ಮರುಬಿಡುಗಡೆಯಲ್ಲಿ. ದುಡ್ಡು ಕೈಗೆ ಬಂದ ಕೂಡಲೇ ಎರಡು ಬಾಗಿಲ ಕಾರೊಂದನ್ನು ತಂದ. ಕಂಪನಿ ಹೆಸರು ಬೇಡ, ತಪ್ಪು ಅವರದಲ್ಲ. ಚೋರ್ಲಾ ಘಾಟಿನ ತಿರುವುಗಳಲ್ಲಿ ಅದನ್ನು ಗೋವಾಕ್ಕೆ ಇಳಿಸುವಾಗ ಮಾಮಾನ ಮುಖ ನೋಡಬೇಕಿತ್ತು... ಸಾಕ್ಷಾತ್ 999!

ಆ ಕಾರಿಗೆ ಈಗ ಇಪ್ಪತ್ತು ವರ್ಷ ದಾಟಿದೆ. ಕಳೆದ ಮಳೆಗಾಲದ ಒಂದು ರಾತ್ರಿ, ಎರಡು ಗಂಟೆಗೆ, ನಮ್ಮ ಆಯಿಗೆ ಉಸಿರು ಕಟ್ಟಿತು. ಆಯಿ ಅಂದರೆ ಮಾಮಾನ ತಾಯಿ, ನನ್ನ ಅಜ್ಜಿ. ಮುಂದೆ ನೆಟ್ಟಗೆ ಕೂರುವ ಶಕ್ತಿ ಅವಳಿಗಿರಲಿಲ್ಲ. ಯಾರಾದರೂ ಪಕ್ಕದಲ್ಲಿ ಹಿಡಿದು ಕೂರಿಸಬೇಕು. ಅಂದರೆ ಹಿಂದಿನ ಸೀಟೇ ಗತಿ. ಮುಂದಿನ ಸೀಟು ಮಡಚಿದೆವು, ಅದು ಅರ್ಧಕ್ಕೇ ನಿಂತಿತು. ನಾನು ಒಳಗಿನಿಂದ ಎಳೆಯುತ್ತಿದ್ದೆ, ಮಾಮಾ ಹೊರಗಿನಿಂದ ಎತ್ತುತ್ತಿದ್ದ, ಮಳೆ ಸುರಿಯುತ್ತಲೇ ಇತ್ತು. ಹತ್ತು ನಿಮಿಷ! ಕಪಿಲೇಶ್ವರ ಬ್ರಿಜ್ ದಾಟುವಾಗ ಆಯಿಯ ಕೈ ನನ್ನ ಕೈಯಲ್ಲಿ ತಣ್ಣಗಾಗಿತ್ತು.

ಆಯಿ ಬದುಕಿದಳು. ಬೆಳಗ್ಗೆ ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಮಾಮಾ ಆಡಿದ್ದು ಒಂದೇ ಮಾತು: "ಅಳಿಯಾ, ಗಾಡಿ ಬದ್ಲಿ ಮಾಡೂಣು."

ಆದರೆ ವಾರ ಕಳೆಯುವಷ್ಟರಲ್ಲಿ ಹಳೇ ಹುಚ್ಚು ಮತ್ತೆ ಎದ್ದಿತು. "ಹೊಸಾದೂ ಕೂಪೇನ ಇರಲಿ. ನೀ ಪೇಪರ್‌ನ್ಯಾಗ ಬರೀತಿ, ನಿನಗ ಗೊತ್ತಿರ್ತೈತಿ." ಪಿಯುಸಿ ಅರ್ಧಕ್ಕೆ ಬಿಟ್ಟವನು ನಾನು! ಆದರೂ ಹೆಸರು ಅಚ್ಚಾದ ಮೇಲೆ ನೆಂಟರ ಪಾಲಿಗೆ ಸರ್ವಜ್ಞನೇ. ಸರಿ, ಹುಡುಕಲು ಕೂತೆ.

ನಮ್ಮ ರಾಜ್ಯದಲ್ಲೇ ಇಂಥ ಗಾಡಿ ತಯಾರಾಗಿದೆ, ಗೊತ್ತೇ? 1980ರ ದಶಕದ ಆರಂಭದಲ್ಲಿ ಬೆಂಗಳೂರಿನ ಸಿಪಾನಿಯವರು ಡಾಲ್ಫಿನ್ ಎಂಬ ಕಾರು ತಂದರು. ಬ್ರಿಟನ್ನಿನ ರಿಲಯಂಟ್ ಕಿಟನ್ ಅದರ ಮೂಲ. ಫೈಬರ್ ಬಾಡಿ, 848 ಸಿಸಿ, ಎರಡೇ ಬಾಗಿಲು. 1983ರ ಡಿಸೆಂಬರಿನಲ್ಲಿ ನಾಲ್ಕು ಬಾಗಿಲ ಮಾರುತಿ 800 ಬಂತು ನೋಡಿ, ಸಂಸಾರಸ್ಥರೆಲ್ಲ ಅತ್ತ ನಡೆದರು. ಕೊನೆಗೆ ಸಿಪಾನಿಯವರೂ ನಾಲ್ಕು ಬಾಗಿಲಿಟ್ಟು ಮೊಂಟಾನಾ ಮಾಡಬೇಕಾಯಿತು. 1990ರ ದಶಕದ ಕೊನೆಗೆ ಬಂದದ್ದು ಸ್ಯಾನ್ ಸ್ಟಾರ್ಮ್. ರೆನೋ ಕಂಪನಿಯ 1149 ಸಿಸಿ ಎಂಜಿನ್, ನೋಡಲು ಸೊಗಸು. ಆದರೆ ಸೀಟೇ ಎರಡು! ಆಯಿಯನ್ನು ಎಲ್ಲಿ ಕೂರಿಸೋದು?

2016ರಲ್ಲಿ ಫೋರ್ಡ್‌ನ ಮಸ್ಟಾಂಗ್ ನಮ್ಮ ದೇಶಕ್ಕೆ ಬಂತು. ಐದು ಲೀಟರ್ ಎಂಜಿನ್, ಬೆಲೆ ಆಗಲೇ 65 ಲಕ್ಷ. ಇಪ್ಪತ್ತು ಲಕ್ಷ ದಾಟಿದ ಕಾರಿಗೆ ಕರ್ನಾಟಕದಲ್ಲಿ ಲೈಫ್‌ಟೈಮ್ ಟ್ಯಾಕ್ಸೇ ಶೇಕಡ 18, ಮೇಲೆ ಸೆಸ್ಸು. ಮಾಮಾ ಲೆಕ್ಕ ಹಾಕಿ, "ಅಂಗಡೀನ ಮಾರಬೇಕಲ್ಲೋ" ಎಂದು ನಕ್ಕ.

ಆಗ ನಾನೊಂದು ಮಾತು ಹೇಳಿದೆ. "ಮಾಮಾ, ಕೂಪೆ ಅಂದರೆ ಫ್ರೆಂಚ್ ಭಾಷೆಯಲ್ಲಿ ಕತ್ತರಿಸಿದ್ದು ಅಂತ. ಕುದುರೆಗಾಡಿಯ ಕಾಲದಲ್ಲಿ ಅರ್ಧ ಕತ್ತರಿಸಿದಂತೆ ಗಿಡ್ಡ ಮಾಡಿದ ಗಾಡಿಗೆ ಆ ಹೆಸರು ಬಂತು."

ಮಾಮಾ ಬಹಳ ಹೊತ್ತು ಸುಮ್ಮನಿದ್ದ. "ಅಂದ್ರ ಕತ್ತರಿಸಿದ್ದು ನಮ್ಮವ್ವನ ಸೀಟನ್ನ" ಎಂದ.

ಆಯಿಯದು ಬೇರೆಯೇ ರಾಗ. "ನನ್ನ ಸಲುವಾಗಿ ನಿನ್ನ ಗಾಡಿ ಮಾರಬ್ಯಾಡೋ. ನನಗ ಆಟೋ ಸಾಕು. ಬಾಗಲಾನ ಇಲ್ಲ, ಹತ್ತೂದು ಹಗರ!" ಹೌದಲ್ಲವೇ? 1980ರ 'ಆಟೋ ರಾಜ' ಮಾಡಿದ ಶಂಕರ್‌ನಾಗ್ ಚಿತ್ರ ಇಂದಿಗೂ ಆಟೋಗಳ ಮೇಲಿದೆ. ಬಾಗಿಲಿಲ್ಲದ ಗಾಡಿಯ ಹೀರೋನನ್ನೇ ನಮ್ಮ ಜನ ಎದೆಗೆ ಹಚ್ಚಿಕೊಂಡರು.

ಕೊನೆಗೆ ಆಯಿಯನ್ನೇ ಶೋರೂಮಿಗೆ ಕರೆದೊಯ್ದೆವು. ಕೂಪೆ ಎಸ್‌ಯುವಿ ಎಂಬ ತಳಿಯೊಂದಿದೆ: 2024ರಲ್ಲಿ ಬಂದ ಟಾಟಾ ಕರ್ವ್, ಸಿಟ್ರನ್ ಬಸಾಲ್ಟ್ ಇತ್ಯಾದಿ. ಹಿಂದಕ್ಕೆ ಇಳಿಜಾರು ಚಾವಣಿ, ಆದರೆ ಬಾಗಿಲು ನಾಲ್ಕು. ಸೇಲ್ಸ್‌ಮನ್ ಹುಡುಗ ಪಿಕಪ್ಪು, ಟಾರ್ಕು ಅಂತ ಹೇಳುತ್ತಲೇ ಇದ್ದ. ನಾವು ನೋಡಿದ್ದು ಮೂರೇ. ಹಿಂದಿನ ಸೀಟು ಆಯಿಯ ಸೊಂಟದ ಮಟ್ಟಕ್ಕಿದೆಯೇ? ಇದ್ದರೆ ಬಗ್ಗಬೇಕಿಲ್ಲ, ಏಳಲು ಮೊಣಕಾಲಿಗೆ ತ್ರಾಸಿಲ್ಲ. ಇಳಿಜಾರು ಚಾವಣಿ ತಲೆಗೆ ತಾಗುತ್ತದೆಯೇ? ಬಾಗಿಲು ಪೂರ್ತಿ ತೆರೆದರೆ ಇಬ್ಬರು ಹಿಡಿದು ಕೂರಿಸಲು ಜಾಗವಿದೆಯೇ?

ಒಂದು ಗಾಡಿಯಲ್ಲಿ ಆಯಿ ಯಾರ ಕೈಯನ್ನೂ ಹಿಡಿಯದೆ ಹತ್ತಿ ಕೂತಳು. ಸೆರಗು ಸರಿಪಡಿಸಿಕೊಂಡು, "ನಡೀರಿನ್ನ, ಯಾಕ್ ನಿಂತೀರಿ?" ಎಂದಳು. ಮಾಮಾ ಅಲ್ಲೇ ಬುಕ್ ಮಾಡಿದ. ಯಾವ ಗಾಡಿ ಅಂತ ಹೇಳಿದರೆ ಜಾಹೀರಾತಾದೀತು!

ಹಳೇ ಕಾರನ್ನು ಖಾನಾಪುರದ ಮದುವೆಯಾಗದ ತರುಣನೊಬ್ಬ ಕೊಂಡ. ಇಪ್ಪತ್ತು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 2025ರ ಆಗಸ್ಟಿನಿಂದ 10,000 ರೂಪಾಯಿ ಶುಲ್ಕ ಎಂದು ಮೊದಲೇ ಹೇಳಿಬಿಟ್ಟೆವು. "ಇರಲಿ ಬಿಡ್ರಿ ಅಣ್ಣಾರ, ಲುಕ್ ನೋಡ್ರಿ ಲುಕ್!" ಎಂದು ಹಾರಿ ಕೂತ. ಕಾರು ತಿರುವು ದಾಟುವವರೆಗೂ ಮಾಮಾ ಅಂಗಡಿ ಕಟ್ಟೆಯ ಮೇಲೆ ನಿಂತೇ ಇದ್ದ.

ನಾನು ಆ ತರುಣನಿಗೆ ಹೇಳಿದ್ದು ಇಷ್ಟೇ: "ನಿಮ್ಮ ತಾಯಿನ ಒಮ್ಮೆ ಹಿಂದ ಕೂಡಿಸಿ ನೋಡ್ರಿ. ಆಮ್ಯಾಲೆ ಫೋನ್ ಮಾಡ್ರಿ."

ಇನ್ನೂ ಫೋನ್ ಬಂದಿಲ್ಲ. ಬಂದರೆ ತಿಳಿಸುತ್ತೇನೆ. ಮುಂದಿನ ವಾರ ಸಿಗೋಣ!